ಏನೂ ಅನ್ನಿಸದ ದಿನಗಳು

ಚನ್ನರಾಯಪಟ್ಟಣ
12 ಮಾರ್ಚ್ 2023

ರೀ,

ಫೋನಿನಲ್ಲಿ ನಾನು ಎಷ್ಟು ಬರೆದರೂ ನಿಮ್ಮಿಂದ ಬರುವುದು ‘ಸರಿ’ ಅನ್ನುವ ಒಂದೇ ಮಾತು. ಮೊನ್ನೆ ಅರ್ಧ ಪುಟದಷ್ಟು ಬರೆದು ಕಳಿಸಿದೆ. ಅದಕ್ಕೂ ‘ಸರಿ’. ಮಾತಾಡೋಣವೆಂದರೆ ಆ ಕಾಯಿಲೆ ನಿಮ್ಮ ಕಿವಿಯನ್ನೇ ತೆಗೆದುಕೊಂಡು ಹೋಯಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಒಂದೇ ಪದದ ಉತ್ತರ ಬರೆದು ಅಂಚೆಗೆ ಹಾಕಲು ನಿಮಗೂ ನಾಚಿಕೆಯಾಗಬಹುದು.

ನಾನು ಅಪ್ಪನ ಮನೆಗೆ ಬಂದು ಎರಡು ತಿಂಗಳಾಗುತ್ತಾ ಬಂತು. ಯಾಕೆ ಬಂದೆ ಅಂತ ನೀವು ಒಂದು ಸಲವೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಅತ್ತೆ ನನ್ನನ್ನು ಮತ್ತೆ ಹಾಸನಕ್ಕೆ ಸ್ಕ್ಯಾನಿಗೆ ಕರೆದುಕೊಂಡು ಹೋದರಲ್ಲ, ಅವತ್ತು ಆ ಡಾಕ್ಟರಮ್ಮ, “ಇವರಿಗೆ ಎಲ್ಲಾ ಸರಿಯಾಗಿದೆ, ಗಂಡನನ್ನು ಕರ್ಕೊಂಡು ಬನ್ನಿ” ಅಂದರು. ಹೊರಗೆ ಬಂದ ಮೇಲೆ ಅತ್ತೆ, “ಅವ್ಳಿಗೇನ್ ಗೊತ್ತು, ನನ್ ಮಗ ಸಾವು ಗೆದ್ದು ಬಂದವ್ನೆ, ಅವ್ನಿಗೇನಾಗೈತೆ” ಅಂದರು. ಹೊಳೆನರಸೀಪುರದ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಕೇಳಿದ್ದಕ್ಕೆ, ನನ್ನ ಎದುರಿಗೇ, “ಇವಳ ಗರ್ಭಕೋಸ ಸರಿಯಿಲ್ಲ ಕಣವ್ವ” ಅಂದರು.

ಮನೆಗೆ ಬಂದು ಇಷ್ಟನ್ನೂ ನಿಮ್ಮ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ನೀವು ಓದಿದಿರಿ. ಸ್ಲೇಟು ಒರೆಸಿದಿರಿ. “ಊಟ ಹಾಕು” ಅಂದಿರಿ. ಮಾರನೆಯ ದಿನ ನಾನು ಬಸ್ಸು ಹತ್ತಿದೆ.

ನನ್ನನ್ನು ಕರೆಯಲು ಬನ್ನಿ ಅಂತ ಬರೆಯುತ್ತಿಲ್ಲ. ಅವತ್ತು ಓದಿದಾಗ ನಿಮಗೆ ಏನನ್ನಿಸಿತು, ಅದನ್ನು ತಿಳಿಸಿ ಸಾಕು.

ನಿಮ್ಮ
ದಿವ್ಯಾ


ಹೊಳೆನರಸೀಪುರ
29 ಮಾರ್ಚ್ 2023

ದಿವ್ಯಾಳಿಗೆ,

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲ ಕ್ಷೇಮ. ಬೇಸಿಗೆ ಶುರುವಾದ್ದರಿಂದ ಅಂಗಡಿಯಲ್ಲಿ ಕೆಲಸ ಜಾಸ್ತಿ. ಸುಟ್ಟ ಪಂಪ್‌ಸೆಟ್ ಮೋಟಾರುಗಳು ಬಾಗಿಲವರೆಗೂ ಬಂದು ಕೂತಿವೆ. ಕರೆಂಟು ಸರಿಯಾಗಿ ಬರುವುದಿಲ್ಲ, ವೋಲ್ಟೇಜ್ ಇಲ್ಲದೆ ವೈಂಡಿಂಗ್ ಸುಡುತ್ತದೆ. ಶಾಂತರಾಜು ಒಬ್ಬನೇ ಸಹಾಯಕ್ಕೆ ಇರುವುದು. ನನಗೆ ಬೇಗ ಸುಸ್ತಾಗುತ್ತದೆ.

ಅಮ್ಮನ ಮಂಡಿ ನೋವು ಹಾಗೇ ಇದೆ.

ಅವತ್ತು ಓದಿದಾಗ ಏನನ್ನಿಸಿತು ಅಂತ ಕೇಳಿದ್ದೀಯ. ನೆನಪು ಮಾಡಿಕೊಂಡೆ. ಹಸಿವಾಗಿತ್ತು.

ನೀನು ಯಾವಾಗ ಬೇಕಾದರೂ ಬರಬಹುದು.

ಸಿದ್ದೇಶ


ಚನ್ನರಾಯಪಟ್ಟಣ
20 ಏಪ್ರಿಲ್ 2023

ರೀ,

‘ಹಸಿವಾಗಿತ್ತು.’ ಆ ಸಾಲನ್ನು ಎಷ್ಟು ಸಲ ಓದಿದೆನೋ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಅಡುಗೆ ಮನೆಗೆ ಹೋಗಿ ಅತ್ತುಬಿಟ್ಟೆ.

ನಮ್ಮ ಮದುವೆಯಾದದ್ದು ಊರೆಲ್ಲ ಬಾಗಿಲು ಹಾಕಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ. ಲಾಕ್‌ಡೌನ್ ಅಂತ ಜನ ಗೋಳಾಡುತ್ತಿದ್ದರೆ ನೀವು, “ಇದೇ ಒಳ್ಳೇದಾಯ್ತು ಕಣೇ” ಅಂತ ಅಂಗಡಿಯ ಕಡೆ ತಲೆ ಹಾಕದೆ ನನ್ನ ಹಿಂದೆ ಹಿಂದೆಯೇ ಓಡಾಡುತ್ತಿದ್ದಿರಿ. ಅತ್ತೆ ಹಿತ್ತಲಿಗೆ ಹೋದರೆ ಸಾಕು, ಒಗ್ಗರಣೆ ಸೀಯುವವರೆಗೆ ಬಿಡುತ್ತಿರಲಿಲ್ಲ. ಲಾಕ್‌ಡೌನ್ ಸಡಿಲವಾದ ಮೇಲೆ ಆ ಮಳೆಗಾಲದಲ್ಲಿ ಗೊರೂರಿಗೆ ಬೈಕಿನಲ್ಲಿ ಹೋಗಿ ಅಣೆಕಟ್ಟಿನ ಗೇಟು ಬಿಟ್ಟದ್ದನ್ನು ನೋಡಿದೆವು. ನೀರಿನ ಸದ್ದಿಗೆ ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ, ಕಿವಿಯ ಹತ್ತಿರ ಬಂದು ಮತ್ತೆ ಹೇಳಿದಿರಿ. ಅದನ್ನಿಲ್ಲಿ ಬರೆಯಲಾರೆ.

ಮಾರನೆಯ ವರ್ಷ ನಿಮಗೆ ಜ್ವರ ಬಂತು. ಎಲ್ಲರೂ ಕೊರೋನಾ ಅಂದರು, ಆಮೇಲೆ ಟೈಫಾಯ್ಡ್ ಅಂದರು. ತಲೆನೋವು ತಡೆಯಲಾರದೆ ನೀವು ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದಿರಿ. ಮಾತು ತೊದಲತೊಡಗಿದ ಮೇಲೆ ಹಾಸನಕ್ಕೆ ಒಯ್ದೆವು. ಬೆನ್ನಿನಿಂದ ನೀರು ತೆಗೆದು ನೋಡಿ, ಮೆದುಳಿನ ಪೊರೆಗೆ ಟಿಬಿ ಬಂದಿದೆ ಅಂದರು. ನಿಮಗೆ ಪ್ರಜ್ಞೆಯಿಲ್ಲದ ದಿನಗಳಲ್ಲಿ ನಿಮ್ಮ ಮೈ ಒರೆಸಿದ್ದು, ಬಟ್ಟೆ ಬದಲಿಸಿದ್ದು, ಮೂಗಿನ ಕೊಳವೆಯಲ್ಲಿ ಗಂಜಿ ಹಾಕಿದ್ದು ನಾನು. ಇದನ್ನು ಎತ್ತಿ ಆಡುತ್ತಿಲ್ಲ. ಕೇಳಬೇಕಾದ್ದು ಒಂದಿದೆ. ನಿಮ್ಮನ್ನು ಆ ಸ್ಥಿತಿಯಲ್ಲಿ ನೋಡಿದವಳು ಅನ್ನುವ ಕಾರಣಕ್ಕೆ ನಾನು ನಿಮಗೆ ಬೇಡವಾದೆನಾ? ನನ್ನ ಮುಖ ನೋಡಿದರೆ ಆಸ್ಪತ್ರೆ ನೆನಪಾಗುತ್ತದಾ?

ಗುಳಿಗೆ ಮುಗಿದು ಮೈಗೆ ಬಲ ಬಂದ ಮೇಲೂ ನೀವು ನಡುಮನೆಯಲ್ಲೇ ಚಾಪೆ ಹಾಸಿಕೊಂಡಿರಿ. ನಾನೇ ಬಂದು ಪಕ್ಕದಲ್ಲಿ ಮಲಗಿದರೆ ಆ ಕಡೆ ತಿರುಗುತ್ತಲೂ ಇರಲಿಲ್ಲ, ಈ ಕಡೆ ತಿರುಗುತ್ತಲೂ ಇರಲಿಲ್ಲ. ಜಂತೆ ನೋಡುತ್ತಾ ಮಲಗಿರುತ್ತಿದ್ದಿರಿ. ಬೈದಿದ್ದರೆ ಸಹಿಸಬಹುದಿತ್ತು.

ಬೇರೆ ಯಾರಾದರೂ ಇದ್ದಾರಾ? ಇದ್ದರೆ ಇದ್ದಾರೆ ಅನ್ನಿ.

ದಿವ್ಯಾ


ಹೊಳೆನರಸೀಪುರ
18 ಜೂನ್ 2023

ದಿವ್ಯಾಳಿಗೆ,

ಉತ್ತರ ತಡವಾಯಿತು. ಏನು ಬರೆಯಬೇಕೋ ತಿಳಿಯದೆ ಕಾಗದ ಹಾಗೇ ಇಟ್ಟಿದ್ದೆ.

ಬೇರೆ ಯಾರೂ ಇಲ್ಲ. ನಿನ್ನ ಮೇಲೆ ಬೇಸರವೂ ಇಲ್ಲ. ನೀನು ಬರೆದ ಗೊರೂರು, ಒಗ್ಗರಣೆ ಎಲ್ಲ ನನಗೆ ನೆನಪಿದೆ. ಆದರೆ ಬೇರೆ ಯಾರೋ ನನಗೆ ಹೇಳಿದ ಕಥೆಯಂತೆ ನೆನಪಿದೆ. ಅವನು ಹಾಗೆಲ್ಲ ಮಾಡುತ್ತಿದ್ದ ಅಂತ ಗೊತ್ತು. ಯಾಕೆ ಮಾಡುತ್ತಿದ್ದ ಅನ್ನುವುದು ಗೊತ್ತಾಗುವುದಿಲ್ಲ.

ಅಂಗಡಿಯ ಮುಂದೆ ಕಾಲೇಜು ಹುಡುಗಿಯರು ಹೋದರೆ ಶಾಂತರಾಜು ಕೈಯಲ್ಲಿದ್ದ ತಂತಿ ಬಿಟ್ಟು ನೋಡುತ್ತಾನೆ. ನಾನು ಅವನನ್ನು ನೋಡುತ್ತೇನೆ. ನೀನು ಹೋದ ದಿನ ನನಗೆ ದುಃಖವಾಗಬೇಕಿತ್ತು. ಆಗಬೇಕು ಅಂತ ಗೊತ್ತಿತ್ತು. ಕಾದೆ. ಆಗಲಿಲ್ಲ. ಏನೂ ಅನ್ನಿಸುವುದಿಲ್ಲ ದಿವ್ಯಾ. ನಿನ್ನ ಮೇಲೆ ಅಂತಲ್ಲ, ಯಾವುದರ ಮೇಲೂ. ಇದನ್ನು ಯಾರಿಗೂ ಹೇಳಿಲ್ಲ, ಹೇಳಬೇಕು ಅಂತಲೂ ಅನ್ನಿಸಿರಲಿಲ್ಲ. ನೀನು ಕೇಳಿದ್ದಕ್ಕೆ ಬರೆದೆ.

ಮಳೆ ಇನ್ನೂ ಬಂದಿಲ್ಲ.

ಸಿದ್ದೇಶ


ಚನ್ನರಾಯಪಟ್ಟಣ
2 ಜುಲೈ 2023

ರೀ,

ನಿಮ್ಮ ಕಾಗದ ಓದಿ ಸಿಟ್ಟೆಲ್ಲ ಹೋಯಿತು. ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿದೆ.

ಇದನ್ನು ಹಾಸನದ ಆ ತಲೆಯ ಡಾಕ್ಟರಿಗೆ ಹೀಗೇ ಹೇಳಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ನನಗೆ ಬರೆದದ್ದನ್ನೇ ತೋರಿಸಿ. ಇನ್ನೊಂದು ವಿಷಯ. ಮೊದಲು ನೀವು ದಿನ ಬಿಟ್ಟು ದಿನ ಗಡ್ಡ ಹೆರೆಯುತ್ತಿದ್ದಿರಿ. ಕಾಯಿಲೆಯಾದ ಮೇಲೆ ಬಚ್ಚಲಲ್ಲಿ ಬ್ಲೇಡು ತುಕ್ಕು ಹಿಡಿದು ಬಿದ್ದಿರುತ್ತಿತ್ತು. ಆದರೂ ನಿಮಗೆ ಗಡ್ಡ ಬೆಳೆಯುತ್ತಿರಲಿಲ್ಲ. ಎದೆಯ ಮೇಲಿನ ಕೂದಲೂ ಇಲ್ಲ. ನಾನು ಔಷಧಿಯ ಕಾವು ಅಂದುಕೊಂಡಿದ್ದೆ. ಅದನ್ನೂ ಹೇಳಿ.

ದಯವಿಟ್ಟು ಹೋಗಿ. ನಾನೂ ಹಾಸನಕ್ಕೆ ಬರುತ್ತೇನೆ, ದಿನ ತಿಳಿಸಿ.

ನಿಮ್ಮ
ದಿವ್ಯಾ


ಹಾಸನ
21 ಅಕ್ಟೋಬರ್ 2023

ದಿವ್ಯಾಳಿಗೆ,

ಅಕ್ಷರ ಸೊಟ್ಟಗಿದ್ದರೆ ಎಡಗೈ ಅಂತ ತಿಳಿ. ಅಂಗಡಿಯಲ್ಲಿ ಸಣ್ಣ ಮೋಟಾರು ಎತ್ತುವಾಗ ಎಡವಿ ಕೈಯೂರಿದೆ. ಬಲಮಣಿಕಟ್ಟು ಮುರಿಯಿತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಮುದುಕರ ಮೂಳೆಯ ಹಾಗಿದೆ, ಈ ವಯಸ್ಸಿಗೆ ಹೀಗಿರಬಾರದು ಅಂತ ಬರೆದು ತೋರಿಸಿದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಗಡ್ಡ ಯಾವಾಗ ಹೆರೆದದ್ದು ಅಂತ ಕೇಳಿದರು. ನೀನು ಬರೆದದ್ದು ಆಗ ನೆನಪಾಯಿತು. ಜುಲೈನಲ್ಲೇ ಬರಬೇಕಿತ್ತು, ಬರಬೇಕು ಅನ್ನಿಸಲಿಲ್ಲ.

ಹಾರ್ಮೋನಿನ ಡಾಕ್ಟರ ಹತ್ತಿರ ಕಳಿಸುತ್ತಾರಂತೆ. ರಕ್ತ ತೆಗೆದಿದ್ದಾರೆ.

ಸಿದ್ದೇಶ


ಚನ್ನರಾಯಪಟ್ಟಣ
6 ನವೆಂಬರ್ 2023

ರೀ,

ನೀವು ಆಸ್ಪತ್ರೆಯಲ್ಲಿದ್ದೀರಿ ಅಂತ ಶಾಂತರಾಜು ಫೋನ್ ಮಾಡಿದ ದಿನವೇ ನಾನು ಬಂದಿದ್ದೆ. ನಿಮಗೆ ಗೊತ್ತಿಲ್ಲ, ಯಾರೂ ಹೇಳಿರುವುದಿಲ್ಲ.

ವಾರ್ಡಿನ ಬಾಗಿಲಲ್ಲಿ ಅತ್ತೆ ಕೂತಿದ್ದರು. ನನ್ನನ್ನು ನೋಡಿ ಎದ್ದು ಅಡ್ಡ ನಿಂತರು.

“ಯಾಕವ್ವ ಬಂದೆ?”

“ನೋಡಿಕೊಂಡು ಹೋಗ್ತೀನಿ ಅತ್ತೆ.”

“ಏನ್ ನೋಡ್ತೀಯ? ಒಂದ್ ಮಗೀನ ಎತ್ತು ಕೊಡಕ್ಕಾಗ್ಲಿಲ್ಲ, ಕೈ ಮುರ್ಕೊಂಡವ್ನೆ ಅಂತ ನೋಡಕ್ ಬಂದ್ಬುಟ್ಟೆ. ನೀನು ಬಿಟ್ಟೋದ್ ಮ್ಯಾಕೇ ಅವ್ನಿಗೆ ಇಂಗಾಗಿರದು.”

“ಅವರಿಗೆ ಮೈಯಲ್ಲಿ ಏನೋ ಇದೆ ಅತ್ತೆ. ಡಾಕ್ಟರ ಹತ್ರ ನಾನು ಮಾತಾಡ್ತೀನಿ.”

“ನನ್ ಮಗನ್ಗೆ ಏನೂ ಇಲ್ಲ. ಮಲಗವ್ನೆ, ಓಗು.”

ಬಾಗಿಲ ಸಂದಿಯಿಂದ ನಿಮ್ಮ ಪಾದ ಕಂಡಿತು. ಕೂಗಿದರೂ ನಿಮಗೆ ಕೇಳಿಸುವುದಿಲ್ಲವಲ್ಲ. ತಂದಿದ್ದ ಕಿತ್ತಳೆ ಹಣ್ಣನ್ನು ಬೆಂಚಿನ ಮೇಲೆ ಇಟ್ಟು ಬಂದೆ.

ರಕ್ತದ ರಿಪೋರ್ಟು ಬಂದ ತಕ್ಷಣ ಬರೆಯಿರಿ.

ದಿವ್ಯಾ


ಹೊಳೆನರಸೀಪುರ
14 ಜನವರಿ 2024

ದಿವ್ಯಾಳಿಗೆ,

ಕಟ್ಟು ಬಿಚ್ಚಿದ್ದಾರೆ. ಬಲಗೈಯಲ್ಲೇ ಬರೆಯುತ್ತಿದ್ದೇನೆ.

ಹಾರ್ಮೋನಿನ ಡಾಕ್ಟರು ಹೆಂಗಸು, ವಯಸ್ಸಾದವರು. ಅಮ್ಮನನ್ನು ಹೊರಗೆ ಕೂರಿಸಿ, ನನಗೆ ಕೇಳಿಸದ ಕಾರಣ ಎಲ್ಲವನ್ನೂ ಹಾಳೆಯ ಮೇಲೆ ಬರೆದು ವಿವರಿಸಿದರು. ಮೆದುಳಿನ ತಳದಲ್ಲಿ ಒಂದು ಜಾಗ ಇದೆಯಂತೆ. ಅಲ್ಲಿಂದ ಹೊರಟ ಸೂಚನೆ ಅದರ ಕೆಳಗೆ ತೊಟ್ಟಿನಲ್ಲಿ ತೂಗುವ ಬಟಾಣಿಯಷ್ಟು ಗ್ರಂಥಿಗೆ ಬರುತ್ತದೆ. ಆ ಗ್ರಂಥಿ ರಕ್ತದ ಮೂಲಕ ಕೆಳಗಿನ ಬೀಜಗಳಿಗೆ ಹೇಳಿ ಕಳಿಸುತ್ತದೆ. ಆಗ ಗಂಡಸಿನ ಹಾರ್ಮೋನು ಹುಟ್ಟುತ್ತದೆ. ಗಡ್ಡ, ಮೂಳೆಯ ಗಟ್ಟಿತನ, ಆಸೆ, ಮಕ್ಕಳು, ಎಲ್ಲ ಅದರಿಂದಲೇ.

ಮೈಗೆ ದೊಡ್ಡ ಸೋಂಕು ಬಂದಾಗ ಮೆದುಳು ಈ ಕೆಲಸವನ್ನು ತಾನೇ ನಿಲ್ಲಿಸಿಬಿಡುತ್ತದಂತೆ. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಸಂತಾನದ ಯೋಚನೆ ಬೇಡ ಅಂತ. ಸಾಮಾನ್ಯವಾಗಿ ಕಾಯಿಲೆ ವಾಸಿಯಾದ ಮೇಲೆ ತಾನಾಗಿ ಶುರುವಾಗುತ್ತದೆ. ನನಗೆ ಟಿಬಿ ಬಂದದ್ದೇ ಆ ತಳದಲ್ಲಿ. ಉರಿಯೂತ, ಕೀವು ಅಲ್ಲೇ ಕಟ್ಟಿಕೊಂಡು, ಒಣಗುವಾಗ ಗಾಯದ ಕಲೆ ಉಳಿಯಿತು. ಅದಕ್ಕೇ ನಿಂತದ್ದು ನಿಂತೇ ಹೋಯಿತು.

ನನಗೆ ಅರ್ಥವಾಯಿತು. ಮೋಟಾರು ಚೆನ್ನಾಗಿದೆ, ಸ್ಟಾರ್ಟರ್ ಕೆಟ್ಟಿದೆ. ಹಾಗಂತ ಹೇಳಿದೆ. ಅವರು ನಕ್ಕು ಹೌದು ಅಂತ ತಲೆ ಆಡಿಸಿದರು.

ವಾರಕ್ಕೆ ಎರಡು ಸಲ ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಿಕೊಳ್ಳಬೇಕು. ಮೆದುಳು ಕಳಿಸಬೇಕಾದ ಸೂಚನೆಯನ್ನು ಅದು ಕಳಿಸುತ್ತದೆ. ಬಹಳ ಕಾಲ ಬೇಕು. ಮಕ್ಕಳಾಗುವ ಆಸೆ ಬಿಡಬೇಕಿಲ್ಲ ಅಂದಿದ್ದಾರೆ. ಆದರೆ ಸೂಜಿ ನಿಲ್ಲಿಸಿದರೆ ಮತ್ತೆ ಇದೇ ಸ್ಥಿತಿ.

ಅಮ್ಮನಿಗೆ ಅರ್ಧ ಹೇಳಿದೆ. “ಇದ್ನೆಲ್ಲ ಹೊರಗ್ ಆಡ್ಬ್ಯಾಡ ಕಣ್ಲಾ, ಊರೋರು ಏನಂತಾರೆ” ಅಂದಳಂತೆ, ಶಾಂತರಾಜು ಬರೆದು ತೋರಿಸಿದ. ನೀನೂ ಯಾರಿಗೂ ಹೇಳಬೇಡ.

ಸಿದ್ದೇಶ


ಚನ್ನರಾಯಪಟ್ಟಣ
1 ಫೆಬ್ರವರಿ 2024

ರೀ,

ನಾನು ಬೇಡವಾದದ್ದಲ್ಲ. ಇಷ್ಟು ದಿನ ಕನ್ನಡಿಯ ಮುಂದೆ ನಿಂತು ನನ್ನಲ್ಲಿ ಏನು ಕೊರತೆ ಅಂತ ಹುಡುಕಿದ್ದೇ ಹುಡುಕಿದ್ದು. ಬೆವರಿನ ವಾಸನೆ ಇರಬಹುದು ಅಂತ ದಿನಕ್ಕೆ ಎರಡು ಸಲ ಸ್ನಾನ ಮಾಡಿದ್ದೇನೆ. ನಿಮ್ಮ ಕಾಗದ ಓದಿ ಹಿತ್ತಲಲ್ಲಿ ಒಬ್ಬಳೇ ನಕ್ಕೆ. ಅಪ್ಪ ಬಂದು ಏನಾಯ್ತವ್ವ ಅಂದರು. ಏನಿಲ್ಲ ಅಂದೆ, ನೀವು ಹೇಳಬೇಡ ಅಂದಿರಲ್ಲ.

ನೀವು ಸೂಜಿ ತಪ್ಪಿಸಬೇಡಿ. ಎಷ್ಟು ವರ್ಷವಾದರೂ ನಾನು ಕಾಯುತ್ತೇನೆ. ಮಗುವಾಗದಿದ್ದರೂ ಪರವಾಗಿಲ್ಲ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಊರವರಿಗೆ ಬೇಡ. ನಿಮ್ಮ ಅಮ್ಮನಿಗೆ ಪೂರ್ತಿ ಹೇಳಿ, ಅವರನ್ನು ಕರೆದುಕೊಂಡು ಬಂದು ನಮ್ಮ ಅಪ್ಪನ ಎದುರು ಒಂದು ಮಾತು ಅನ್ನಿ, ದೋಷ ದಿವ್ಯಾಳದಲ್ಲ ಅಂತ. ನಿಮ್ಮ ಅಮ್ಮ ನೆಂಟರ ಮನೆಗಳಲ್ಲಿ ನಾನು ಬಂಜೆ ಅಂತ ಹೇಳಿಕೊಂಡು ಬಂದಿದ್ದಾರೆ. ಅಪ್ಪ ಕೊಬ್ಬರಿ ಮಂಡಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದಾರೆ, ಅಲ್ಲಿ ಯಾರಾದರೊಬ್ಬರು ಮಗಳ ವಿಷಯ ಎತ್ತುತ್ತಾರೆ ಅಂತ. ನಾನೇ ಹೇಳಿದರೆ ಗಂಡನ ಮೇಲೆ ಹೊರಿಸುತ್ತಿದ್ದಾಳೆ ಅನ್ನುತ್ತಾರೆ. ಅದು ನಿಮ್ಮ ಬಾಯಿಂದಲೇ ಬರಬೇಕು.

ಅಷ್ಟು ಮಾಡಿದರೆ ಅದೇ ದಿನ ನಿಮ್ಮ ಜೊತೆ ಹೊರಟು ಬರುತ್ತೇನೆ. ಬಟ್ಟೆ ಜೋಡಿಸಿ ಇಟ್ಟಿದ್ದೇನೆ.

ನಿಮ್ಮವಳು
ದಿವ್ಯಾ


ಹೊಳೆನರಸೀಪುರ
9 ಏಪ್ರಿಲ್ 2024

ದಿವ್ಯಾಳಿಗೆ,

ಯುಗಾದಿಯ ಶುಭಾಶಯ.

ಸೂಜಿ ತಪ್ಪಿಸಿಲ್ಲ. ನೀನು ಕೇಳಿದ ವಿಷಯ ಗಮನದಲ್ಲಿದೆ. ಅಮ್ಮನಿಗೆ ಬಿಪಿ ಜಾಸ್ತಿ. ಸ್ವಲ್ಪ ದಿನ ಹೋಗಲಿ. ಹೇಗೂ ಔಷಧಿ ಹಿಡಿದರೆ ಎಲ್ಲ ಸರಿಹೋಗುತ್ತದೆ, ಆಗ ಯಾರಿಗೂ ಏನೂ ಹೇಳುವ ಅಗತ್ಯವೇ ಇರುವುದಿಲ್ಲ. ಒಂದು ಮಾತಿಗೆ ಇಷ್ಟು ಯಾಕೆ ಪಟ್ಟು ಹಿಡಿಯುತ್ತೀಯೋ ನನಗೆ ಗೊತ್ತಾಗುವುದಿಲ್ಲ.

ಮೊನ್ನೆ ಬಹಳ ದಿನದ ಮೇಲೆ ಗಡ್ಡ ಹೆರೆದೆ.

ಸಿದ್ದೇಶ


ಚನ್ನರಾಯಪಟ್ಟಣ
10 ಜೂನ್ 2024

ರೀ,

ಕಳೆದ ವಾರ ಅರಕಲಗೂಡಿನಲ್ಲಿ ನಮ್ಮ ನೆಂಟರ ಮದುವೆಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ನಾನು ಬರುವುದಿಲ್ಲ ಅಂದಿದ್ದೆ. “ಎಷ್ಟ್ ದಿನ ಅಂತ ಒಳಗ್ ಕೂತಿರ್ತೀಯವ್ವ, ಬಾ” ಅಂದರು.

ಛತ್ರದಲ್ಲಿ ಹುಡುಗಿಗೆ ಮಡಿಲು ತುಂಬುತ್ತಿದ್ದರು. ನಾನೂ ಅಕ್ಕಿ ಹಿಡಿದು ಹೋದೆ. ನಿಮ್ಮ ಸೋದರಮಾವ ಚಂದ್ರಶೇಖರಯ್ಯನವರ ಹೆಂಡತಿ ನನ್ನ ಕೈ ಹಿಡಿದು ಮೆಲ್ಲಗೆ, “ನೀನು ಬ್ಯಾಡ ಕಣವ್ವ, ಮಕ್ಳಾಗ್ದೋರು ತುಂಬ್ಬಾರ್ದು” ಅಂದರು. ಅವರದು ಕೆಟ್ಟ ಮನಸ್ಸಲ್ಲ. ನಿಮ್ಮ ಅಮ್ಮ ಹೇಳಿದ್ದನ್ನು ನಂಬಿದ್ದಾರೆ, ಅಷ್ಟೆ. ಅಪ್ಪ ಊಟದ ಎಲೆಯ ಮುಂದೆ ಕೂತವರು ಅದನ್ನು ಯಾರದೋ ಬಾಯಿಂದ ಕೇಳಿ ಕೈ ತೊಳೆದು ಎದ್ದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದರು.

ಆ ಛತ್ರದಲ್ಲೇ ನಾನು ಎಲ್ಲವನ್ನೂ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಯಾಕೆ ಅಂತ ನನಗೂ ತಿಳಿಯದು.

ಇನ್ನು ಕೇಳುವುದಿಲ್ಲ.

ದಿವ್ಯಾ


ಹೊಳೆನರಸೀಪುರ
25 ಆಗಸ್ಟ್ 2024

ನನ್ನ ದಿವ್ಯಾ,

ಹೇಗೆ ಶುರು ಮಾಡಲಿ. ನಿನ್ನ ಎಲ್ಲ ಕಾಗದಗಳನ್ನೂ ಇವತ್ತು ಮೊದಲಿನಿಂದ ಓದಿದೆ. ಮೊದಲೂ ಓದಿದ್ದೆ, ಆದರೆ ಲೈಟ್ ಬಿಲ್ ಓದುವ ಹಾಗೆ ಓದಿದ್ದೆ. ಈಗ ಅರ್ಧದಲ್ಲಿ ನಿಲ್ಲಿಸಬೇಕಾಯಿತು. ಕಿತ್ತಳೆ ಹಣ್ಣನ್ನು ಬೆಂಚಿನ ಮೇಲೆ ಇಟ್ಟು ಹೋದೆ ಅಂತ ಬರೆದಿದ್ದೀಯಲ್ಲ, ಆ ಹಣ್ಣನ್ನು ನಾನು ತಿಂದೆ. ಯಾರು ತಂದದ್ದು ಅಂತ ಕೇಳಲೂ ಇಲ್ಲ.

ಮಳೆಗಾಲ ಶುರುವಾದಾಗಿನಿಂದ ಒಂದೊಂದಾಗಿ ವಾಪಸ್ಸು ಬರುತ್ತಿದೆ. ಮೊದಲು ಸಿಟ್ಟು ಬಂತು. ಶಾಂತರಾಜುವಿನ ಮೇಲೆ ರೇಗಿದೆ, ಅವನು ಬೆರಗಾಗಿ ನೋಡಿದ. ಆಮೇಲೆ ಹಾಡು. ಕಿವಿ ಕೇಳಿಸದಿದ್ದರೂ ತಲೆಯೊಳಗೆ ಹಳೆಯ ಹಾಡು ಓಡುತ್ತದೆ. ಆಮೇಲೆ ನೀನು. ಬೀರುವಿನಲ್ಲಿ ನೀನು ಬಿಟ್ಟುಹೋದ ಹಳದಿ ಸೀರೆ ಇದೆ. ಅದರಲ್ಲಿ ನಿನ್ನ ವಾಸನೆ ಉಳಿದಿಲ್ಲ. ಮೂಸಿ ಮೂಸಿ ಹುಡುಕಿದೆ. ಮೈಯೆಲ್ಲ ಬೇಯುತ್ತದೆ ದಿವ್ಯಾ. ಗೊರೂರಿನಲ್ಲಿ ನಿನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆ, ಈಗ ಯಾಕೆ ಹೇಳಿದೆ ಅಂತಲೂ ಗೊತ್ತು.

ನೀನು ಪಕ್ಕದಲ್ಲಿ ಬಂದು ಮಲಗುತ್ತಿದ್ದದ್ದು, ನಾನು ಜಂತೆ ನೋಡುತ್ತಿದ್ದದ್ದು, ಅದೆಲ್ಲ ಈಗ ನಡೆಯುತ್ತಿರುವಂತೆ ಬಂದು ಚುಚ್ಚುತ್ತದೆ. ಆಗ ನೋಯಲಿಲ್ಲವಲ್ಲ, ಎಲ್ಲ ಒಟ್ಟಿಗೆ ಈಗ ನೋಯುತ್ತಿದೆ. ಅರಕಲಗೂಡಿನ ಕಾಗದ ಓದಿ ನಿನ್ನ ಅಪ್ಪ ಎಲೆಯಿಂದ ಎದ್ದದ್ದು ಕಣ್ಣಿಗೆ ಕಟ್ಟಿತು. ಅಷ್ಟಾದರೂ ಎರಡು ತಿಂಗಳು ಸುಮ್ಮನಿದ್ದೆನಲ್ಲ, ಆ ಸುಮ್ಮನಿದ್ದದ್ದು ಕಾಯಿಲೆಯೋ ನಾನೋ? ಡಾಕ್ಟರನ್ನು ಕೇಳಿದೆ. ಅದಕ್ಕೆ ರಕ್ತ ಪರೀಕ್ಷೆ ಇಲ್ಲ ಅಂತ ಬರೆದರು.

ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ
ಸಿದ್ದು


ಹೊಳೆನರಸೀಪುರ
3 ಅಕ್ಟೋಬರ್ 2024

ನನ್ನ ದಿವ್ಯಾ,

ನಿನ್ನ ಉತ್ತರ ಬರಲಿಲ್ಲ. ಅಂಚೆಯವರು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರೆ ಕೈಯಲ್ಲಿದ್ದ ಕೆಲಸ ಬಿಡುತ್ತೇನೆ. ಅವರು ತಲೆ ಆಡಿಸಿ ಮುಂದೆ ಹೋಗುತ್ತಾರೆ.

ಅಮ್ಮನಿಗೆ ಪೂರ್ತಿ ಹೇಳಿದೆ. ಬಾಯಿ ಬಡಿದುಕೊಂಡು ಅತ್ತಳು. “ನನ್ ಮಗನ್ನ ನಾನೇ ಗಂಡ್ಸಲ್ಲ ಅಂತ ಒಪ್ಕಬೇಕೇನ್ಲಾ?” ಅಂದಳು, ತುಟಿ ನೋಡಿ ತಿಳಿಯಿತು. ನಾನೂ ಜೋರು ಮಾಡಿದೆ. ಕೊನೆಗೆ ಬರುತ್ತೇನೆ ಅಂದಿದ್ದಾಳೆ. ದೀಪಾವಳಿ ಆದ ಮೇಲೆ ಭಾನುವಾರ ಬರುತ್ತೇವೆ. ನೀನು ಮನೆಯಲ್ಲಿರು.

ನಿನ್ನ
ಸಿದ್ದು


ಚನ್ನರಾಯಪಟ್ಟಣ
24 ನವೆಂಬರ್ 2024

ಸಿದ್ದೇಶ್ ಅವರಿಗೆ,

ನೀವು ಬಂದು ಹೋದ ಮೇಲೆ ಬರೆಯಬೇಕು ಅಂತ ದಿನಾ ಕೂರುತ್ತಿದ್ದೆ. ಇವತ್ತು ಆಗುತ್ತಿದೆ.

ನೀವು ನಡುಮನೆಯಲ್ಲಿ ನಿಂತು ಹೇಳಿದ್ದೆಲ್ಲವನ್ನೂ ಅಡುಗೆ ಮನೆಯಲ್ಲಿದ್ದ ನಾನು ಕೇಳಿಸಿಕೊಂಡೆ. ನಿಮ್ಮ ದನಿ ನಿಮಗೆ ಕೇಳಿಸುವುದಿಲ್ಲ, ಎಷ್ಟು ಗಟ್ಟಿಯಾಗಿ ಹೇಳಿದಿರಿ ಅನ್ನುವುದು ನಿಮಗೆ ಗೊತ್ತಿರಲಾರದು. “ಮಾವ, ದೋಷ ದಿವ್ಯಾಳದಲ್ಲ. ಮಕ್ಕಳಾಗದೆ ಇದ್ದದ್ದು ನನ್ನಿಂದ. ನನ್ನ ಮೆದುಳಿಗೆ ಬಂದ ಕಾಯಿಲೆಯಿಂದ. ಅವಳು ಸರಿಯಾಗೇ ಇದ್ದಳು.” ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ನಿಮ್ಮ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಪ್ಪ, “ಕೂತ್ಕೊಳಪ್ಪ, ಕೂತ್ಕೊ” ಅಂದದ್ದು ನಿಮಗೆ ಕೇಳಿಸಲಿಲ್ಲ. ನೀವು ನಿಂತೇ ಇದ್ದಿರಿ.

ನೀವು ಮಾಡಿದ್ದು ಸಣ್ಣ ಕೆಲಸವಲ್ಲ. ಅಪ್ಪ ಮರುದಿನ ಮಂಡಿಗೆ ಹೋದರು. ಅದಕ್ಕೆ ನಾನು ಋಣಿ.

ನಾನು ಯಾಕೆ ಹೊರಗೆ ಬರಲಿಲ್ಲ ಅಂತ ನೀವು ಕೇಳುತ್ತೀರಿ. ಬರಬೇಕು ಅಂತ ಎದ್ದೆ. ಬಾಗಿಲವರೆಗೆ ಬಂದೆ. ನಿಮ್ಮ ಬೆನ್ನು ಕಂಡಿತು, ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಈ ದಿನಕ್ಕೆ ಎಷ್ಟು ಕಾದಿದ್ದೆ, ಈಗ ನನಗೆ ಅಳು ಬರಬೇಕು, ಓಡಿ ಹೋಗಬೇಕು ಅನ್ನಿಸಬೇಕು ಅಂದುಕೊಂಡೆ. ನಿಂತು ಕಾದೆ. ಏನೂ ಅನ್ನಿಸಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೆ, ಉಕ್ಕುತ್ತದೇನೋ ಅನ್ನಿಸಿತು. ಒಳಗೆ ಹೋಗಿ ಒಲೆ ಆರಿಸಿದೆ.

ನೀವು ಈಗ ಬರೆಯುತ್ತಿರುವುದನ್ನೆಲ್ಲ ನಾನು ಮೊದಲೇ ಅನುಭವಿಸಿದ್ದೇನೆ. ಆ ಬೇಗೆ, ಅಂಚೆಯವರನ್ನು ಕಾಯುವುದು, ಎಲ್ಲ. ಅನುಭವಿಸಿ ಮುಗಿದಿದೆ. ಯಾವತ್ತು ಮುಗಿಯಿತೋ ಗೊತ್ತಿಲ್ಲ, ಅರಕಲಗೂಡಿನಿಂದ ಬರುವ ಬಸ್ಸಿನಲ್ಲಿ ಇರಬಹುದು. ನೀವು ಸುಮ್ಮನಿದ್ದದ್ದು ಕಾಯಿಲೆಯೋ ನೀವೋ ಅಂತ ಕೇಳಿದ್ದಿರಿ. ಕಾಯಿಲೆ ಅಂತಲೇ ಇಟ್ಟುಕೊಳ್ಳೋಣ. ನಿಮ್ಮನ್ನು ದೂರುವ ಮನಸ್ಸು ನನಗಿಲ್ಲ. ಆದರೆ ನಿಮ್ಮದಕ್ಕೆ ಸೂಜಿ ಇತ್ತು. ನನಗೆ ಯಾವ ಕಾಯಿಲೆಯೂ ಇಲ್ಲ, ನನ್ನದಕ್ಕೆ ಔಷಧಿಯೂ ಇಲ್ಲ.

ದಂಡಿಗನಹಳ್ಳಿಯ ಶಾಲೆಯಲ್ಲಿ ಪಾಠ ಹೇಳಲು ಸೇರಿದ್ದೇನೆ. ಇಬ್ಬರೂ ಒಪ್ಪಿ ಬಿಡುಗಡೆ ಪಡೆಯಬಹುದು ಅಂತ ವಕೀಲರು ಹೇಳಿದರು. ನಿಮಗೆ ಒಪ್ಪಿಗೆಯೇ?

ದಿವ್ಯಾ


ಹೊಳೆನರಸೀಪುರ
19 ಜನವರಿ 2025

ದಿವ್ಯಾ,

ಸಹಿ ಹಾಕುತ್ತೇನೆ.

ಸೂಜಿ ನಿಲ್ಲಿಸಿದ್ದೇನೆ. ನಿನ್ನ ಕಾಗದ ಬಂದ ವಾರವೇ ನಿಲ್ಲಿಸಿದೆ. ನಿಲ್ಲಿಸಿದರೆ ಮೊದಲಿನ ಹಾಗೇ ಆಗುತ್ತೇನೆ ಅಂತ ಗೊತ್ತು, ಗೊತ್ತಿದ್ದೇ ನಿಲ್ಲಿಸಿದ್ದು. ಆಗಲೇ ಕಡಿಮೆಯಾಗುತ್ತಿದೆ. ಹಳದಿ ಸೀರೆಯನ್ನು ಅಮ್ಮ ಹಿತ್ತಲಿನ ಬೆದರುಬೊಂಬೆಗೆ ಉಡಿಸಲು ತೆಗೆದುಕೊಂಡರೆ ಸುಮ್ಮನೆ ನೋಡಿದೆ. ಡಾಕ್ಟರು ಮೂಳೆ ಮತ್ತೆ ಮುರಿಯುತ್ತದೆ ಅಂತ ಹೆದರಿಸಿದ್ದಾರೆ. ಮುರಿದರೆ ಕೈ ನೋಯುತ್ತದೆ, ಅಷ್ಟೇ ತಾನೆ. ಈ ನೋವಿಗಿಂತ ಅದು ವಾಸಿ.

ಇನ್ನು ಸ್ವಲ್ಪ ದಿನಕ್ಕೆ ನನಗೆ ಏನೂ ಅನ್ನಿಸುವುದಿಲ್ಲ. ಅನ್ನಿಸುವಾಗಲೇ ಒಂದು ಮಾತು ಬರೆದುಬಿಡಬೇಕು ಅಂತ ಕೂತೆ. ನೀನು ಚೆನ್ನಾಗಿರು.

ಸಿದ್ದು


ದಂಡಿಗನಹಳ್ಳಿ
8 ಫೆಬ್ರವರಿ 2025

ಸಿದ್ದೇಶ್ ಅವರಿಗೆ,

ಶಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ, ಮಕ್ಕಳು ಆಟಕ್ಕೆ ಹೋಗಿದ್ದಾರೆ.

ಸೂಜಿ ಮತ್ತೆ ಶುರು ಮಾಡಿ. ನಾನು ಬರುತ್ತೇನೆ ಅಂತ ಹೇಳುತ್ತಿಲ್ಲ, ಬರುವುದಿಲ್ಲ. ಆದರೂ ಶುರು ಮಾಡಿ. ಆ ಮದುವೆ, ಆ ಲಾಕ್‌ಡೌನು, ಆಸ್ಪತ್ರೆ, ಅದೆಲ್ಲ ನಮ್ಮಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅದಕ್ಕಾಗಿ ಅಳಲು ನನ್ನಿಂದ ಆಗುತ್ತಿಲ್ಲ. ನೀವೂ ಕಲ್ಲಾಗಿಬಿಟ್ಟರೆ ಅದಕ್ಕೆ ಅಳುವವರು ಒಬ್ಬರೂ ಉಳಿಯುವುದಿಲ್ಲ.

ಇದು ನನ್ನ ಕೊನೆಯ ಕಾಗದ.

ದಿವ್ಯಾ


ಹೊಳೆನರಸೀಪುರ
6 ಏಪ್ರಿಲ್ 2025

ದಿವ್ಯಾ,

ಇದಕ್ಕೆ ನೀನು ಉತ್ತರ ಬರೆಯಬೇಕಿಲ್ಲ.

ಮೊನ್ನೆ ಕೋರ್ಟಿನ ಜಗಲಿಯಲ್ಲಿ ನೀನು ವಕೀಲರ ಪಕ್ಕ ನಿಂತಿದ್ದಾಗ ನಾನು ನೋಡಿದೆ. ತೆಳ್ಳಗಾಗಿದ್ದೀಯ. ಹೆಸರು ಕರೆದದ್ದು ನನಗೆ ಕೇಳಿಸಲಿಲ್ಲ, ನೀನೇ ಕೈ ಮಾಡಿ ಕರೆದೆ. ನಿನ್ನ ಪಕ್ಕ ನಿಂತು ಸಹಿ ಹಾಕಿದೆ. ಹೊರಗೆ ಬಂದ ಮೇಲೆ ನಿನ್ನ ಅಪ್ಪ ನನ್ನ ಭುಜ ಮುಟ್ಟಿದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಏನೂ ಅನ್ನಿಸಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ಅಂಗಡಿಗೆ ಬಂದೆ, ಬಾಗಿಲು ತೆಗೆದು ಸಂಜೆಯವರೆಗೆ ಕೆಲಸ ಮಾಡಿದೆ. ಶಾಂತರಾಜು ನನ್ನನ್ನು ನೋಡಿ ನೋಡಿ, ಕೊನೆಗೆ ಅವನೇ ಹಿಂದಿನ ಕೋಣೆಗೆ ಹೋಗಿ ಕಣ್ಣೊರೆಸಿಕೊಂಡು ಬಂದ. ಅವನ ಮುಖ ಕಂಡಾಗ ನೀನು ಬರೆದದ್ದು ಏನು ಅಂತ ತಿಳಿಯಿತು.

ನಿನ್ನೆ ಹಾಸನಕ್ಕೆ ಹೋಗಿ ಔಷಧಿ ತಂದೆ. ಇವತ್ತು ಬೆಳಿಗ್ಗೆ ಹೊಟ್ಟೆಗೆ ಚುಚ್ಚಿಕೊಂಡೆ. ನೋವು ತಿಳಿಯಲು ಇನ್ನೂ ಕೆಲವು ತಿಂಗಳು ಬೇಕು ಅಂದಿದ್ದಾರೆ ಡಾಕ್ಟರು. ಕಾಯುತ್ತಿದ್ದೇನೆ.

ಸಿದ್ದು